ಆಷಾಢ ಮುರಿದವರು

“ಆಷಾಢ ಪೂರ್ತಿ ನನ್ನ ಮುಖಾನ ನೋಡಿಲ್ಲ ಅಂದ್ಯೇನು?”

ಬಳ್ಳಾರಿ ಕಂಟೋನ್ಮೆಂಟಿನ ವೀಸಾ ಏಜೆಂಟರ ಕಚೇರಿಗೆ ಶಾಂಭವಿ ಕಾಲಿಟ್ಟಿದ್ದೇ ತಡ, ವೀರಭದ್ರ ಎದ್ದು ನಿಂತು ಕೇಳಿದ. ಮದುವೆಯಾಗಿ ಇನ್ನೂ ವರ್ಷ ತುಂಬದ ಗಂಡ. ಅವನ ದನಿ ಇಷ್ಟು ಒರಟಾಗಿದ್ದನ್ನು ಅವಳು ಕೇಳಿದ್ದು ಇದೇ ಮೊದಲು.

“ನೀವೇನಂದ್ರಿ?”

“ಇದ್ದದ್ದು ಇದ್ದಂಗ ಹೇಳಿದ್ನಿ. ಭಾನುವಾರಕ್ಕೊಮ್ಮಿ ಭೇಟಿ ಆಗ್ತಿದ್ವಿ ಅಂದ್ನಿ.”

ಶಾಂಭವಿಗೆ ಮೈಯೆಲ್ಲ ಉರಿಯಿತು. “ದೇವರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ ಆಣಿ ಹಾಕಿದ್ನಲ್ಲ?”

“ವೀಸಾ ಆಫೀಸರ್ ಏನು ನಿಮ್ಮತ್ತಿನಾ?”

ಏಜೆಂಟ್ ವಿಠ್ಠಲರಾವ್ ಇಬ್ಬರನ್ನೂ ಕೂರಿಸಿದರು. ವೀರಭದ್ರನಿಗೆ ಹೊರದೇಶದಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತ್ತು, ಅವನ ವೀಸಾ ಬಂದಿತ್ತು. ಹೆಂಡತಿಯ ವೀಸಾ ಮಾತ್ರ ನಿಂತಿತ್ತು. ಆಷಾಢದಲ್ಲಿ ಬೇರೆಯಿದ್ದಾಗ ಭೇಟಿಯಾಗಿದ್ದಿರಾ ಎಂದು ವೀಸಾ ಕಚೇರಿಯವರು ಫೋನಿನಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ್ದರು, ಉತ್ತರ ಹೊಂದಲಿಲ್ಲ. ಇದು ಕಾಗದದ ಮದುವೆ ಎಂದು ಅವರಿಗೆ ಅನುಮಾನ.

“ಅಲ್ಲಿ ಎಲೆಕ್ಷನ್ ಬಂದೈತಿ,” ಎಂದರು ವಿಠ್ಠಲರಾವ್. “ಹೊರಗಿನವರನ್ನ ತಡೀತೀವಿ ಅಂದವರಿಗೆ ಓಟು. ದುಡಿಯೋ ಕೈ ಬೇಕಂತ, ಅದರ ಹಿಂದಿನ ಸಂಸಾರ ಬ್ಯಾಡಂತ. ಬರೋ ತಿಂಗಳಿಂದ ಹೆಂಡ್ತಿ ಮಕ್ಕಳಿಗೆ ಬಾಗಿಲು ಬಂದ್. ಇನ್ನೊಂದೇ ಸಲ ಫೋನ್ ಮಾಡ್ತಾರ, ಹುಡುಗನ ತಾಯೀನೂ ಲೈನಿನಾಗ ಇರಬೇಕಂತ.”

ಶಾಂಭವಿ ಗಂಡನತ್ತ ತಿರುಗಿದಳು. ಅತ್ತೆ… ಲೈನಿನಲ್ಲಿ…

ಸಿರುಗುಪ್ಪದ ಮನೆಗೆ ಇಬ್ಬರೂ ಬೈಕಿನಲ್ಲಿ ಹೊರಟರು. ಅವಳು ಅವನ ಹೆಗಲು ಮುಟ್ಟಲಿಲ್ಲ, ಹಿಂದಿನ ಸೀಟಿನ ಕಂಬಿ ಹಿಡಿದು ಕೂತಳು. ಮನೆ ಹತ್ತಿರ ಬಂದಾಗ ಅವನೇ ಬೈಕು ನಿಲ್ಲಿಸಿದ.

“ನಿನಗ ಬರೋ ಮನಸ್ಸಿಲ್ಲಂದ್ರ ನೆಟ್ಟಗ ಹೇಳಬೇಕಿತ್ತು. ಸುಳ್ಳು ಹೇಳಿ ನನ್ನ ತಲಿ ಮ್ಯಾಲೆ ಕಲ್ಲು ಯಾಕ ಹಾಕಿದಿ?”

ಅಯ್ಯೋ, ಹೀಗೂ ತಿಳಿದುಕೊಂಡರೇ ಇವರು! ಅವಳು ಬೈಕಿನಿಂದ ಇಳಿದಳು. ನೇರ ಮನೆಯೊಳಗೆ ನಡೆದಳು.

ಅವಳಾದರೂ ಏನು ಮಾಡಬೇಕಿತ್ತು ಹೇಳಿ. ಹೊಸ ಸೊಸೆ ಆಷಾಢದಲ್ಲಿ ತವರಲ್ಲಿರಬೇಕು, ಗಂಡನ ಮುಖ ನೋಡಬಾರದು, ನೋಡಿದರೆ ಅತ್ತೆಗೆ ಕೇಡು. ಇದು ಅತ್ತೆ ಕೊಟ್ರಬಸಮ್ಮನ ಕಟ್ಟುನಿಟ್ಟು. ಶಾಂಭವಿ ತವರೂರು ಕುರುಗೋಡಿಗೆ ಹೋದಳು, ನಿಜ. ಆದರೆ ಭಾನುವಾರ ಬಂತೆಂದರೆ ಗೆಳತಿಯ ನೆಪ ಹೇಳಿ ಬಸ್ಸು ಹತ್ತುತ್ತಿದ್ದಳು. ಅವನು ಭತ್ತದ ಲಾರಿ ತಂದು ಬಳ್ಳಾರಿಯಲ್ಲಿ ಕಾಯುತ್ತಿದ್ದ. ಒಂದೇ ಪ್ಲೇಟು ಮಂಡಕ್ಕಿ ಒಗ್ಗರಣೆ, ಮೇಲೆರಡು ಮಿರ್ಚಿ. ಆ ಖಾರಕ್ಕೆ ಕಣ್ಣೀರು ಬಂದರೂ ಏಳಲು ಇಬ್ಬರಿಗೂ ಮನಸ್ಸಿರಲಿಲ್ಲ.

ಆಷಾಢ ಮುಗಿಯುವಷ್ಟರಲ್ಲಿ ಕೊಟ್ರಬಸಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು. “ಯಾರೋ ಆಷಾಢ ಮುರಿದಾರ, ಅದಕ್ಕ ನನ್ನ ಕಾಲು ಮುರಿದೈತಿ.” ಹಾಗೆ ಅನ್ನುವಾಗ ಕಣ್ಣು ಸೊಸೆಯ ಮೇಲೆಯೇ ಇರುತ್ತಿತ್ತು. ಮೊದಲ ಸಲ ಫೋನ್ ಬಂದಾಗಲೂ ಅತ್ತೆ ಎದುರಿನ ಮಂಚದಲ್ಲೇ ಇದ್ದಳು. ಭೇಟಿಯಾಗಿದ್ದಿರಾ ಎಂದರೆ ಶಾಂಭವಿಯ ನಾಲಿಗೆ ‘ಇಲ್ಲ’ ಎಂದುಬಿಟ್ಟಿತ್ತು.

ಎರಡನೆಯ ಸಲದ ಫೋನೂ ಬಂತು. ಸ್ಪೀಕರ್ ಹಾಕಿ ಮಂಚದ ಮೇಲಿಟ್ಟರು. ಆಫೀಸರ್ ತನ್ನ ಭಾಷೆಯಲ್ಲಿ ಏನೋ ಅಂದ, ದುಭಾಷಿ ಹೆಂಗಸು ಕನ್ನಡದಲ್ಲಿ ಕೇಳಿದಳು.

“ಆಷಾಢದಲ್ಲಿ ನಿಮ್ಮ ಗಂಡನನ್ನು ಭೇಟಿಯಾಗಿದ್ದಿರಾ?”

ಶಾಂಭವಿ ಅತ್ತೆಯ ಪ್ಲಾಸ್ಟರ್ ಹಾಕಿದ ಕಾಲನ್ನು ನೋಡಿದಳು. ಹೌದೆಂದರೆ ಈ ಮನೆಯಲ್ಲಿ ಬದುಕಿರುವವರೆಗೂ ಕೆಟ್ಟ ಕಾಲ್ಗುಣದವಳು. ಇಲ್ಲವೆಂದರೆ… ಅವರು ಒಬ್ಬರೇ ಹೋಗುತ್ತಾರೆ, ನಾನು ಬೇಡವೆಂದೆ ಎಂದುಕೊಂಡೇ ಹೋಗುತ್ತಾರೆ.

“ಆಗಿದ್ನಿರೀ. ಒಂದು ಭಾನುವಾರನೂ ಬಿಟ್ಟಿಲ್ಲ. ಅತ್ತಿ ಬೈತಾರಂತ ಅವತ್ತು ಸುಳ್ಳು ಹೇಳಿದ್ನಿ. ನನಗ ಇವರನ್ನ ಬಿಟ್ಟು ಇರಾಕ ಆಗಂಗಿಲ್ರಿ.”

ಬಾಗಿಲಲ್ಲಿ ನಿಂತಿದ್ದ ವೀರಭದ್ರ ತಲೆ ಎತ್ತಿದ.

ಕೊಟ್ರಬಸಮ್ಮನ ಮುಖ ಕೆಂಪಾಯಿತು. “ಎಂಥಾ ಗಟ್ಟಿಗಿತ್ತಿ ಅದೀ…”

“ತಾಯಿಯವರೇ,” ಎಂದಿತು ಫೋನು, “ಇವರು ನಿಜವಾಗಿಯೂ ಗಂಡ ಹೆಂಡತಿಯೇ? ತೋರಿಕೆಯ ಮದುವೆ ಅಲ್ಲವಷ್ಟೆ?”

ಶಾಂಭವಿ ಅತ್ತೆಯತ್ತ ನೋಡಿದಳು. ಈಗ ಎಲ್ಲವೂ ಆ ಬಾಯಿಯಲ್ಲಿತ್ತು.

“ಏನವ್ವಾ ನೀ ಕೇಳೋದು?” ಅತ್ತೆ ಫೋನಿನ ಮೇಲೆ ಹರಿಹಾಯ್ದಳು. “ಕಾಲು ಮುರಕೊಂಡು ಬಿದ್ದೀನಿ ನಾನು. ಖರೇ ಗಂಡ ಹೆಂಡ್ತಿ ಅಲ್ಲದಿದ್ರ ಕದ್ದುಮುಚ್ಚಿ ಆಷಾಢ ಯಾಕ ಮುರೀತಿದ್ರು? ನಿಮ್ಮ ಸಾಹೇಬಗ ಹೇಳು, ಬರೋ ಆಷಾಢದೊಳಗ ಇಬ್ಬರನ್ನೂ ಅತ್ತಾಗ ಕರಕೊಳ್ಳಿ. ನನ್ನ ಇನ್ನೊಂದು ಕಾಲಾದ್ರೂ ಉಳೀಲಿ.”

ಆ ಕಡೆ ದುಭಾಷಿಗೆ ನಗು ತಡೆಯಲಾಗಲಿಲ್ಲ. ಅದನ್ನೆಲ್ಲ ಸಾಹೇಬನಿಗೆ ತಿಳಿಸಿ ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ತೀರ್ಮಾನ ಆಮೇಲೆ ತಿಳಿಸುತ್ತೇವೆ ಎಂದು ಫೋನಿಟ್ಟರು. ಕೊಟ್ರಬಸಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ಶಾಂಭವಿ ಅಡುಗೆಮನೆಗೆ ಹೋಗಿ ಅತ್ತಳು. ವೀರಭದ್ರ ಹಿಂದೆಯೇ ಬಂದು ಬಾಗಿಲಿಗೆ ಒರಗಿದ.

“ನಿನಗ ನಾನು ಬ್ಯಾಡಾಗೀನಿ ಅಂತ ತಿಳಕೊಂಡಿದ್ನಿ… ತಪ್ಪಾತು.”

“ವೀಸಾ ಬರದಿದ್ರ?”

“ಲಾರಿ ಇಲ್ಲೂ ಐತಿ. ನೀನಿಲ್ಲದ ದೇಶ ಕಟಕೊಂಡು ನಾನೇನು ಮಾಡ್ಲಿ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಭಾನುವಾರ ಬಳ್ಳಾರಿಗೆ ಕರಕೊಂಡು ಹೋಗ್ತೀರಿ?”

“ಮಿರ್ಚಿ ತಿನ್ನಾಕ?”

“ಹೂಂರಿ. ಈ ಸಲ ಅತ್ತಿಯವರಿಗೆ ಹೇಳೇ ಹೋಗೋಣ.”