ಅಂಗೈಗೆರೆಯ ಕಪ್ಪು

ಮೊರಬದ ಸಾವಿತ್ರೆವ್ವ ಬೆಳಿಗ್ಗೆ ಏಳಕ್ಕೆ ರೊಟ್ಟಿ ಬಡಿಯಲು ಅಡುಗೆಮನೆಗೆ ಹೋದಾಗ ಸೊಸೆ ಶೈಲಶ್ರೀ ಉಪ್ಪಿನ ಗಡಿಗೆಯ ಪಕ್ಕ ಬಿದ್ದಿದ್ದಳು. ಮುಷ್ಟಿಯಲ್ಲಿ ಹರಳುಪ್ಪು. ಮೈ ತಣ್ಣಗೆ. ತುಟಿ ನೇರಳೆಹಣ್ಣು ತಿಂದವರ ಹಾಗೆ ಕಪ್ಪು.

ಒಂಬತ್ತಕ್ಕೆ ಹುಡುಗಿ ಗಂಡನ ತೊಡೆಯ ಮೇಲೆ ತಲೆಯಿಟ್ಟು ಹುಬ್ಬಳ್ಳಿಯ ಆಸ್ಪತ್ರೆ ಸೇರಿದಳು. ಹನ್ನೊಂದಕ್ಕೆ ಪೊಲೀಸ್ ಜೀಪು ಮೊರಬ ಸೇರಿತು.

"ವಿಷ ಹಾಕ್ಯಾಳ್ರಿ ಈ ಮುದಿಕಿ!"

ಅಂಗಳದ ನಡುವೆ ನಿಂತು ಕೂಗುತ್ತಿದ್ದವನು ಶೈಲಶ್ರೀಯ ಅಣ್ಣ ಸುಭಾಸ. ತಿರ್ಲಾಪುರದಿಂದ ಬೈಕಿನ ಮೇಲೆ ಬಂದಿದ್ದ. "ತುಟಿ ನೋಡಿದ್ರ ಗೊತ್ತಾಗತೈತಿ! ಹತ್ತಿಗೆ ಹೊಡಿಯೋ ಎಣ್ಣಿ ಕುಡಿಸ್ಯಾಳ. ಎಳಕೊಂಡು ಹೋಗ್ರಿ ಈಕಿನ್ನ!"

ನೆರೆದ ಜನ ಹೌದೆಂದಿತು. ಆಗಲೇ ಯಾರೋ ಎಸೆದ ಕಲ್ಲಿಗೆ ಎರಡು ಹಂಚು ಒಡೆದಿದ್ದವು. ಸಾವಿತ್ರೆವ್ವ ಹೊಸ್ತಿಲ ಮೇಲೆ ಸೆರಗು ಕಚ್ಚಿಕೊಂಡು ಕೂತಿದ್ದಳು.

ಹೆಡ್ ಕಾನ್ಸ್‌ಟೇಬಲ್ ಮೀರಾಸಾಬ ಲಾಠಿ ಅಡ್ಡ ಹಿಡಿದು ಜನರನ್ನು ಹಿಂದಕ್ಕೆ ತಳ್ಳಿದ. ಈ ಮೀರಾಸಾಬನ ಗಂಟಲೊಳಗೆ ಬಸ್ ಕಂಡಕ್ಟರು, ಹರಾಜು ಕೂಗುವ ದಲ್ಲಾಳಿ, ದೊಡ್ಡ ಸಾಹೇಬರು — ಎಲ್ಲರೂ ಬಾಡಿಗೆಗಿದ್ದರು. ಇಂದು ಯಾರನ್ನೂ ಹೊರಗೆ ಬಿಟ್ಟಿರಲಿಲ್ಲ. ಪಿ.ಎಸ್.ಐ. ದಾನೇಶ್ವರಿಯ ಫೋನಿನಲ್ಲಿ ಡಾಕ್ಟರರ ಮಾತು ಅವನಿಗೂ ಕೇಳಿಸಿತ್ತು.

"ಬಿ.ಪಿ. ಸಿಗವಲ್ದು. ರಕ್ತದಾಗ ಉಪ್ಪು ಪೂರಾ ಇಳದೈತಿ. ಎಂಥಾ ವಿಷ ಅಂತ ಗೊತ್ತಾಗದ ಮದ್ದು ಹೆಂಗ ಕೊಡ್ಲಿ? ಸಂಜೀ ತನ ತಡಿಯೂದು ಕಷ್ಟ ಮೇಡಮ್."

ಇಪ್ಪತ್ನಾಲ್ಕು ವರ್ಷದ ಜೀವ. ಕೈಯಲ್ಲಿ ಆರು ತಾಸು.

ದಾನೇಶ್ವರಿ ಸಾವಿತ್ರೆವ್ವನನ್ನು ಒಳಗೆ ಕರೆದು ಕೂರಿಸಿದಳು.

"ನಿನ್ನೆ ಸೊಸಿ ಜೋಡಿ ಜಗಳ ಆಡೀರಂತ?"

"ಆಡೀನ್ರಿ."

"ಯಾಕ?"

"ಉಪ್ಪಿಗೆ."

ಮೀರಾಸಾಬ ತಲೆ ಎತ್ತಿದ. "ಉಪ್ಪಿಗೆ?"

"ಗಡಿಗಿ ವಾರಕ್ಕ ಖಾಲಿರಿ! ಸಕ್ಕರಿ ಮುಕ್ಕಿದಂಗ ಮುಕ್ಕತಿದ್ಲು. 'ದನಾನೂ ಇಷ್ಟ ನೆಕ್ಕಂಗಿಲ್ಲ ಬೇ' ಅಂದೆ. ಅಳಕೋತ ಒಳಗ ಹೋದ್ಲು. ಅದ ಕಡೀ ಮಾತು."

"ಮತ್ತೇನು ತಿಂತಿದ್ಲು?"

"ನಮ್ಮ ಜೋಡಿ ರೊಟ್ಟಿ. ಆಮ್ಯಾಲ ತವರಿನ ಶೇಂಗಾ ಉಂಡಿ, ದಿನಾ ಮುಂಜಾನೆ ಒಂದು. ತಿಂಗಳಿಗೊಂದು ಡಬ್ಬಿ ಬರತೈತಿ. ಯಾರಿಗೂ ಕೊಡತಿದ್ದಿಲ್ಲ. ತವರಿನ ಬುತ್ತಿ ಅಲ್ರಿ, ನಾವು ಹೆಂಗ ಕೇಳೂದು?"

"ಯಾರು ತರತಾರ?"

"ಹೊರಗ ಒದರಾಕತ್ಯಾನಲ್ಲ, ಅವನ. ಮೊದಲ ನಮ್ಮ ಬೀಗತಿ ಮಾಡಿ ಕಳಸ್ತಿದ್ಲು. ಎರಡು ತಿಂಗಳ ಹಿಂದ ತೀರಕೊಂಡ್ಲು. ಈಗ ಮಗ."

ಮೀರಾಸಾಬನ ಕಿವಿ ನಿಮಿರಿದವು. ಡಬ್ಬಿ ಹುಡುಕಿ ತಂದ. ಒಳಗೆ ಹನ್ನೊಂದು ಉಂಡೆ. "ಸಿಕ್ತು ನೋಡ್ರಿ ಮೇಡಮ್ಮರ, ವಿಷ —"

ಮಾತು ಮುಗಿಯುವ ಮೊದಲೇ ಸಾವಿತ್ರೆವ್ವ ಒಂದು ಉಂಡೆ ಎತ್ತಿ ಬಾಯಿಗೆ ಹಾಕಿಕೊಂಡಳು.

"ಏ ಯವ್ವಾ! ಉಗಳು, ಉಗಳು!"

"ಏನೂ ಆಗಂಗಿಲ್ಲ ಬಿಡಪಾ. ಮೊನ್ನೇನೂ ಒಂದು ಕದ್ದು ತಿಂದೀನಿ. ಈಗೀಗ ಅಗದಿ ಛಲೋ ಅದಾವ. ಬೀಗತಿ ಇದ್ದಾಗ ಒಮ್ಮೆ ಬಾಯಾಗ ಇಟ್ಟಿದ್ದೆ — ಕಹಿ ಅಂದ್ರ ಕಹಿ! ನುಂಗಾಕ ಬರಲಿಲ್ಲ. ಮಗನ ಕೈ ಸಿಹಿ."

ಮೀರಾಸಾಬ ಪೆಚ್ಚಾಗಿ ಡಬ್ಬಿ ಮುಚ್ಚಿದ. ದಾನೇಶ್ವರಿ ಮುಚ್ಚಿದ ಡಬ್ಬಿಯನ್ನೇ ನೋಡುತ್ತ ನಿಂತಳು.

"ಅಣ್ಣ ತಂಗಿ ನಡುವೆ ಏನಾರ ಇತ್ತೇನು?"

"ಬೀಗತಿ ಹೆಸರಿನ ಹೊಲ ಐತ್ರಿ. ಪಾಲು ಬಿಟ್ಟೀನಿ ಅಂತ ಸಹಿ ಮಾಡು ಅಂದ. ಆಕಿ 'ಯೋಚನೆ ಮಾಡತೀನಿ ಅಣ್ಣಾ' ಅಂದ್ಲು. ಅಷ್ಟ."

ಮುಂದಿನ ದಾರಿ ಬಸ್ ಸ್ಟ್ಯಾಂಡಿನ ಬಾಜುವಿನ ಒಂದು ಕೋಣೆಗೆ. ತಿಂಗಳಿಂದ ಶೈಲಶ್ರೀ ಮುಖದ ಕಪ್ಪು ಮಚ್ಚೆಗೆ ಅಲ್ಲಿಗೆ ಹೋಗುತ್ತಿದ್ದಳೆಂದು ಸಾವಿತ್ರೆವ್ವ ಹೇಳಿದ್ದಳು. ಬಾಗಿಲ ಮೇಲೆ ಬೋರ್ಡು: 'ಎಲ್ಲಾ ತರಹದ ಕಲೆಗಳಿಗೆ ಸಂಪರ್ಕಿಸಿರಿ'. ಒಳಗೆ ಫಕೀರೇಶ. ಡಾಕ್ಟರನಲ್ಲ, ಹಾಗಂತ ಯಾರಿಗೂ ಹೇಳಿರಲೂ ಇಲ್ಲ.

"ದೊಡ್ಡ ಕಲಾವಿದರು," ಎಂದ ಮೀರಾಸಾಬ. "ಊರ ಮಂದಿ ಮುಖದ ಮ್ಯಾಲ ಪ್ರದರ್ಶನ."

"ನಾ ಬರೇ ಮುಲಾಮು ಕೊಟ್ಟೀನ್ರಿ!" ಫಕೀರೇಶ ಬೆವೆತಿದ್ದ. "ತುಟಿ ಕಪ್ಪಾಗಾಕ ನೂರಾ ಎಂಟು ಕಾರಣ. ಬಿಸಿಲು, ಹಲಕಾ ಕುಂಕುಮ, ಅಗ್ಗದ ಲಿಪ್‌ಸ್ಟಿಕ್, ತುಟಿ ಕಚ್ಚೋ ಚಟ. ಲಿಂಬಿರಸ, ಹಾಲಿನ ಕೆನಿ, ಈ ಟ್ಯೂಬು ಹಚ್ಚು ಅಂದೆ. ಉಪ್ಪು ಬಿಡು ಅಂದೆ."

"ಉಪ್ಪು ಬಿಡು ಅಂದ್ಯಾ?" ದಾನೇಶ್ವರಿ ಅವನ ಹತ್ತಿರ ಸರಿದಳು. "ಕಪ್ಪು ಎಲ್ಲೆಲ್ಲಿ ಇತ್ತು? ನೆನಪು ಮಾಡಿ ಹೇಳು."

"ತುಟಿ. ಗಲ್ಲ. ಕೈಬೆರಳ ಗಿಣ್ಣು. ಮತ್ತ... ಒಸಡು. ಅಂಗೈ ಗೆರಿಯೊಳಗೂ ಇತ್ರಿ, ಪೆನ್ನಿಲೆ ಗೀಚಿದಂಗ."

"ಒಸಡಿಗೆ ಬಿಸಿಲು ಹೆಂಗ ಬಡಿತೈತಿ ಫಕೀರೇಶ? ಅಂಗೈ ಗೆರಿಗೆ ಕುಂಕುಮ ಯಾರು ಹಚ್ಚತಾರ?"

ಫಕೀರೇಶ ಟ್ಯೂಬುಗಳನ್ನು ಮೇಜಿನ ಕೆಳಗೆ ಸರಿಸತೊಡಗಿದ.

ದಾನೇಶ್ವರಿ ಹುಬ್ಬಳ್ಳಿಗೆ ಫೋನು ಹಚ್ಚಿದಳು. ಒಸಡು, ಅಂಗೈ, ತಿಂಗಳಿನ ಕಪ್ಪು, ಮುಕ್ಕುವ ಉಪ್ಪು — ಒಂದೊಂದೇ ಹೇಳಿದಳು. ಆ ಕಡೆ ಡಾಕ್ಟರರ ದನಿ ಚುರುಕಾಯಿತು.

"ಮೂತ್ರಪಿಂಡದ ನೆತ್ತಿ ಮ್ಯಾಲ ಸಣ್ಣ ಗ್ರಂಥಿ ಇರತಾವ ಮೇಡಮ್. ಅವು ಸೋತ್ರ ಮೈಯಾಗ ಉಪ್ಪು ನಿಲ್ಲಂಗಿಲ್ಲ, ಚರ್ಮ ಹಿಂಗ ಕಪ್ಪಾಗತೈತಿ. ಜೀವ ಇರೂ ತನ ದಿನಾ ಗುಳಿಗಿ ಬೇಕು. ಬಿಟ್ರ ಸಾವು. ಆದ್ರ ಯಾವ ಗುಳಿಗೀನೂ ಇಲ್ಲ ಅಂತಾನ ಗಂಡ. ವಿಷದ ಮದ್ದು ನಿಲ್ಲಿಸಿ ಈ ಇಂಜೆಕ್ಷನ್ ಹಾಕಬೇಕಂದ್ರ ನನಗ ಖಾತ್ರಿ ಬೇಕು. ಲಗೂ ಹೇಳ್ರಿ."

ಫೋನು ಇಳಿಸಿ ಅವಳು ಮೀರಾಸಾಬನ ಕಡೆ ತಿರುಗಿದಳು. "ಔಷಧ ಅಂಗಡಿಯವರ ದನಿ ಬರತೈತೇನ್ರಿ?"

"ಯಾವ ಅಂಗಡಿ ಬೇಕ್ರಿ?"

ಸಾವಿತ್ರೆವ್ವನ ಅಂಗಳದಲ್ಲಿ ಸುಭಾಸನ ಗಂಟಲು ಇನ್ನೂ ದಣಿದಿರಲಿಲ್ಲ. ದಾನೇಶ್ವರಿ ಅವನ ಎದುರು ನಿಂತಳು.

"ತಂಗಿಗೆ ಮೊದಲಿಂದ ಏನಾರ ರೋಗ ಇತ್ತೇನು?"

"ಇಲ್ರಿ! ಕಲ್ಲಿನಂಥಾ ಹುಡುಗಿ."

"ಗುಳಿಗಿ ಗಿಳಿಗಿ?"

"ತಲಿನೋವಿನ ಗುಳಿಗೀನೂ ನುಂಗಿದಾಕಿ ಅಲ್ಲ."

ಅವನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ನಾಲ್ಕು ಹೆಜ್ಜೆ ಸರಿದು ಕಿವಿಗಿಟ್ಟ.

"ಸುಭಾಸ ಅಣ್ಣಾರ?" ಮೂಗಿನಲ್ಲಿ ಎಳೆದಾಡುವ ದನಿ. "ಹುಬ್ಬಳ್ಳಿ ಮೆಡಿಕಲ್ಲಿಂದ್ರಿ. ನಿಮ್ಮ ತಾಯಾರು ತಂಗೀ ಸಲುವಾಗಿ ಒಯ್ತಿದ್ದ ಗುಳಿಗಿ ಬಂದಾವು. ಎರಡು ತಿಂಗಳಾತು, ಯಾರೂ ಬಂದಿಲ್ಲ. ಕಟ್ಟಿ ಇಡ್ಲೇನ್ರಿ?"

ಸುಭಾಸ ಹಲ್ಲು ಕಚ್ಚಿದ. "ಬ್ಯಾಡಂತ ಆವಾಗ್ಲೇ ಹೇಳಿಲ್ಲೇನಲೇ? ಇನ್ನ ಆ ಗುಳಿಗಿ ಯಾರಿಗೂ ಬೇಕಿಲ್ಲ. ತಿನ್ನಾಕಿ ಇವತ್ತ ಸಂಜೀ ತನ ಇದ್ರ ಹೆಚ್ಚು. ಇಡು ಫೋನು!"

"ಸಂಜಿ ಅಂದ್ರ ಎಷ್ಟು ಗಂಟೇಕ್ರಿ ಅಣ್ಣಾರ?"

ಅದೇ ಮೂಗಿನ ದನಿ. ಈ ಸಲ ಫೋನಿನಲ್ಲೂ, ಬೆನ್ನ ಹಿಂದೆಯೂ. ಸುಭಾಸ ತಿರುಗಿದ. ದನದ ಕೊಟ್ಟಿಗೆಯ ಬಾಗಿಲಲ್ಲಿ ಫಕೀರೇಶನ ಫೋನು ಹಿಡಿದು ಮೀರಾಸಾಬ ನಿಂತಿದ್ದ. ಅವನ ಮುಖದಲ್ಲಿ ನಗುವಿರಲಿಲ್ಲ.

ದಾನೇಶ್ವರಿ ಆಗಲೇ ಹುಬ್ಬಳ್ಳಿಯ ಜೊತೆ ಮಾತಾಡುತ್ತಿದ್ದಳು. "ಖಾತ್ರಿ ಆತು ಡಾಕ್ಟರ. ಇಂಜೆಕ್ಷನ್ ಹಾಕ್ರಿ."

ಆಮೇಲೆ ಜನರ ಕಡೆ ತಿರುಗಿದಳು. "ರೋಗ ತಿಳಿದ್ರ ಬೀಗರು ಹುಡುಗೀನ ತಿರುಗಿ ಕಳಸ್ತಾರ ಅಂತ ತಾಯಿಗೆ ಅಂಜಿಕಿ. ಗುಳಿಗಿ ಕುಟ್ಟಿ ಉಂಡಿಯೊಳಗ ಬೆರಸಿದ್ಲು. ತವರಿನ ಬುತ್ತಿ ಯಾರೂ ಕೆದಕಂಗಿಲ್ಲ ಅನ್ನೂದು ಆಕಿಗೆ ಗೊತ್ತಿತ್ತು. ಸಾಯೂಮುಂದ ಕೆಲಸ ಮಗನ ಕೈಯಾಗ ಕೊಟ್ಟು ಸತ್ಲು. ಈತ ಬರೇ ಶೇಂಗಾ ಬೆಲ್ಲದ ಉಂಡಿ ಕಟ್ಟಿದ. ಹುಡುಗಿ ಅಣ್ಣನ್ನ ನಂಬಿ, ಕಹಿ ಯಾಕ ಹೋತು ಅಂತ ಸೈತ ಕೇಳದ, ದಿನಾ ತಿಂದ್ಲು. ಕಪ್ಪು ತಿರುಗಿ ಬಂದ್ರ, ಚರ್ಮದ್ದು ಅಂತ ಮುಲಾಮು ಹಚ್ಚಿದ್ಲು. ನಾವು ಉಂಡಿಯೊಳಗ ಏನು ಹಾಕ್ಯಾರ ಅಂತ ಹುಡುಕಿದ್ವಿ. ಏನು ಹಾಕಿಲ್ಲ ಅನ್ನೂದನ್ನ ಸಾವಿತ್ರೆವ್ವ ಆಗಲೇ ಹೇಳಿದ್ರು — ಕಹಿ ಹೋಗಿ ಸಿಹಿ ಆಗ್ಯಾವ ಅಂತ. ಸಹಿ ಮಾಡದ, ಮಕ್ಕಳಿಲ್ಲದ ತಂಗಿ ಸತ್ರ ತಾಯಿ ಹೊಲಾನೂ ಪೂರಾ ಇವಗ ಉಳೀತು, ತಪ್ಪು ಅತ್ತಿ ಕೊರಳಿಗೆ ಬಿತ್ತು. ಅಲ್ಲೇನ್ ಸುಭಾಸ?"

ಮೀರಾಸಾಬ ಸುಭಾಸನ ರಟ್ಟೆ ಹಿಡಿದ. ಕಲ್ಲೆಸೆದ ಕೈಗಳು ಒಂದೊಂದಾಗಿ ಅಂಗಳ ಖಾಲಿ ಮಾಡಿದವು.

ಹೊತ್ತು ಮುಳುಗುವ ಮುಂಚೆ ಮೀರಾಸಾಬ ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಹೋದ. ಸಾವಿತ್ರೆವ್ವನೂ ಜೀಪು ಹತ್ತಿದ್ದಳು.

"ಬಿ.ಪಿ. ಏರಾಕತ್ತೈತಿ," ಎಂದರು ಡಾಕ್ಟರು. "ಗುಳಿಗಿ ತಪ್ಪದಿದ್ರ ಕಪ್ಪೂ ಸಾವಕಾಶ ಇಳಿತೈತಿ, ಮುಲಾಮು ಬೇಕಿಲ್ಲ. ಮೊದಲ ಎರಡು ದಿನ ದಾಟಲಿ."

ಶೈಲಶ್ರೀ ಕಣ್ಣು ಬಿಟ್ಟಳು. ಖಾಕಿ ಕಂಡು ಬೆದರಿದಳು. ಕಪ್ಪು ತುಟಿ ಅಲುಗಿದವು.

"ನನ್ನ ರೋಗದ ಸುದ್ದಿ... ನಮ್ಮ ಅತ್ತಿಗೆ ಹೇಳಬ್ಯಾಡ್ರಿ."

ಹಾಸಿಗೆಯ ತಲೆದೆಸೆಯಲ್ಲಿದ್ದ ಸಾವಿತ್ರೆವ್ವ ಸದ್ದಿಲ್ಲದೆ ಪರದೆಯ ಹಿಂದೆ ಸರಿದಳು.

"ಡಾಕ್ಟರಿಗೆ ಗುಳಿಗಿ ಹೆಸರು ಬೇಕಂದ್ರ ನಮ್ಮ ಅಣ್ಣಗ ಫೋನ್ ಮಾಡ್ರಿ," ಎಂದಳು ಹುಡುಗಿ. "ಅವಗ ಎಲ್ಲಾ ಗೊತ್ತೈತಿ."