ಒಂದು ಪದರ ಕಡಿಮೆ

ಹೊಸ ತಿಪ್ಪಸಂದ್ರದ ಆ ನಾಲ್ಕಂತಸ್ತಿನ ಕಟ್ಟಡದ ಬುಡದಲ್ಲಿ, ಒಡೆದ ಇಟ್ಟಿಗೆಗಳ ನಡುವೆ, ವಾಚ್‌ಮನ್ ಜಟ್ಟೆಪ್ಪನ ಹೆಣ ಬಿದ್ದಿತ್ತು. ತಾರಸಿಯ ಮೋಟುಗೋಡೆಯೂ ಅವನೊಂದಿಗೇ ಕುಸಿದಿತ್ತು.

"ಕುಡಿದು ಮೇಲೆ ಹತ್ತಿದ್ದಾನೆ," ಎಂದ ಕಟ್ಟಡದ ಮಾಲೀಕ ಶ್ರೀನಿವಾಸ್. "ಗೋಡೆ ಗಟ್ಟಿಯಾಗೇ ಇತ್ತು ಮೇಡಂ. ಯಾರೋ ತಳ್ಳಿರ್ಬೇಕು. ನಿನ್ನೆ ಮೂರನೇ ಮಹಡಿ ಆಫೀಸಿನ ಮುನೀಂದ್ರನಿಗೂ ಇವನಿಗೂ ಬೈಕ್ ನಿಲ್ಲಿಸೋ ವಿಷಯಕ್ಕೆ ಜಗಳ ಆಗಿತ್ತು."

"ನಮ್ಮವ್ರು ಕುಡಿಯಾಂಗಿಲ್ರೀ!" ಜಟ್ಟೆಪ್ಪನ ಹೆಂಡತಿ ಸಾಬಮ್ಮ ಚೀರಿದಳು. "ನೀರಿನ ಟಾಕಿ ನೋಡು ಅಂತ ಸಾಹೇಬ್ರೇ ಕಳಿಸ್ಯಾರ!"

ಇನ್ಸ್‌ಪೆಕ್ಟರ್ ನೂರುನ್ನೀಸಾ ತಾರಸಿ ಹತ್ತಿ ನೋಡಿ, ಮೂರನೇ ಮಹಡಿಗೆ ಇಳಿದಳು. ಅಲ್ಲಿದ್ದ ಕಂಪ್ಯೂಟರ್ ಗೇಮ್ ಕಂಪನಿಯೂ ಶ್ರೀನಿವಾಸ್‌ನದೇ. ಪ್ರೋಗ್ರಾಮರ್ ಮುನೀಂದ್ರ ಪರದೆ ನೋಡುತ್ತ ಬೆವರುತ್ತಿದ್ದ. ಪರದೆಯಲ್ಲೊಂದು ಪಾಳುಕೋಟೆ. ಅದರ ಬಾಗಿಲಿಗೆ ಪಾಚಿ ಮೆತ್ತಿಕೊಂಡಿತ್ತು. ಕಲ್ಲಿನ ಕಂಬಕ್ಕೆ ತುಕ್ಕು ಹಿಡಿದಿತ್ತು.

"ಏನಿದು?"

"ರಾತ್ರಿ ಸರಿಯಾಗಿತ್ತು ಮೇಡಂ—"

"ವೈರಸ್ಸು," ಹಿಂದೆಯೇ ಬಂದಿದ್ದ ಶ್ರೀನಿವಾಸ್ ತಟ್ಟನೆ ಹೇಳಿದ.

ನೂರುನ್ನೀಸಾ ಅವನತ್ತ ತಿರುಗಲಿಲ್ಲ. "ನೀವು ಹೇಳಿ ಮುನೀಂದ್ರ."

"ಕೋಟೆಗೆ ಮೆತ್ತೋಕೆ ನಿಜವಾದ ಗೋಡೆ, ಕಂಬಗಳ ಫೋಟೋ ತೆಗೆದು, ಒಂದೇ ಅಳತೆಯ ಚಿತ್ರಗಳನ್ನ ಪದರ ಪದರವಾಗಿ ಜೋಡಿಸಿರ್ತೀವಿ. ಆಟದ ಗೋಡೆ ಚಿತ್ರದ ಹೆಸರು ಕೇಳಲ್ಲ, ಪದರದ ನಂಬರ್ ಕೇಳುತ್ತೆ. ಯಾರೋ ಒಂದನ್ನ ಅಳಿಸಿದಾರೆ. ಅದಕ್ಕೇ ಮುಂದಿನದೆಲ್ಲ ಒಂದೊಂದು ಜಾಗ ಹಿಂದೆ ಸರಿದಿದೆ."

"ಯಾವ ಚಿತ್ರ?"

"ಗೊತ್ತಿಲ್ಲ. ಫೋಟೋ ತೆಗೆದ ಭವ್ಯ ರಜೆಯಲ್ಲಿದಾರೆ. ಹಳೇ ಪ್ರತಿ ನೋಡ್ಬೇಕು."

"ಪಾಸ್‌ವರ್ಡ್ ಯಾರ ಹತ್ರ ಇದೆ?"

"ನನ್ನ ಹತ್ರ. ಸಾರ್ ಹತ್ರ."

ಹಳೆಯ ಪ್ರತಿ ತೆರೆದುಕೊಂಡಿತು. ಅಳಿಸಿದ್ದ ಚಿತ್ರ ಸಿಕ್ಕಿತು. ಇದೇ ಕಟ್ಟಡದ ತಾರಸಿಯ ಮೋಟುಗೋಡೆ—ಉದ್ದಕ್ಕೂ ಬಾಯಿಬಿಟ್ಟ ಬಿರುಕು. ಬೀಳದಂತೆ ಟ್ಯಾಂಕಿನ ಕಂಬಕ್ಕೆ ಬಿಗಿದ ತಂತಿ.

"ಮುನೀಂದ್ರ ಅಳಿಸಿದ್ದಿದ್ರೆ ಆ ಜಾಗದಲ್ಲಿ ಇನ್ನೊಂದು ಚಿತ್ರ ಇಡ್ತಿದ್ರು," ಎಂದಳು ನೂರುನ್ನೀಸಾ. "ಕೋಟೆ ಕೆಡ್ತಾನೇ ಇರ್ಲಿಲ್ಲ. ಪಾಸ್‌ವರ್ಡ್ ಇದ್ದೂ, ಒಂದು ತೆಗೆದ್ರೆ ಎಲ್ಲಾ ಸರಿಯುತ್ತೆ ಅಂತ ಗೊತ್ತಿಲ್ಲದವರು ನೀವೊಬ್ಬರೇ ಶ್ರೀನಿವಾಸ್. ಗೋಡೆ ಬಿರುಕು ಬಿಟ್ಟಿದೆ ಅಂತ ಗೊತ್ತಿದ್ದೂ ಜಟ್ಟೆಪ್ಪನ್ನ ಮೇಲೆ ಕಳಿಸಿದ್ರಿ. ಈಗ ಟ್ಯಾಂಕಿನ ಕಂಬದಲ್ಲಿ ತಂತಿ ಇಲ್ಲ. ಯಾವಾಗ ಬಿಚ್ಚಿದ್ರಿ? ಬೀಳೋ ಮುಂಚೆನಾ—ಆಮೇಲಾ?"

ಶ್ರೀನಿವಾಸ್ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಆಮೇಲೆ. ಕೆಳಗೆ ನರಳ್ತಾ ಇದ್ದ... ನಾನು ಮೊದ್ಲು ತಂತಿ ಬಿಚ್ಚೋಕೆ ಹೋದೆ."

ಬಾಗಿಲ ಹೊರಗೆ ಸಾಬಮ್ಮ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೂರುನ್ನೀಸಾ ಹೋಗಿ ಅವಳ ಕೈ ಹಿಡಿದುಕೊಂಡಳು. ಆಮೇಲಷ್ಟೇ ಪೇದೆಗೆ ಸನ್ನೆ ಮಾಡಿದಳು.