ಎಂಗೇದಿಯ ಮೊದಲ ತುತ್ತೂರಿ

ಈಸ್ಟರಿನ ಹಿಂದಿನ ದಿನ ಬೆಳಿಗ್ಗೆ ಕಾರೆಲ್ ಸ್ವಾರ್ಟ್ಸ್ ತನ್ನ ಮನೆಯ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದವನು ಹಾಗೇ ನಿಂತುಬಿಟ್ಟ. ಪೆಟ್ಟಿಗೆಯಲ್ಲಿ ಕುರಿಯ ತುಪ್ಪಳದ ಹಾಸು ಇರಲಿಲ್ಲ. ಅದರಲ್ಲಿ ಮಲಗಿರಬೇಕಾಗಿದ್ದ ತುತ್ತೂರಿಯೂ ಇರಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಅಂಗಳದಲ್ಲಿ ನಗೆಯಿತ್ತು. ವರ್ಷವರ್ಷವೂ ಆ ಶನಿವಾರ ಎಂಗೇದಿ ಎಂಬ ಆ ಮಿಷನ್ ಹಳ್ಳಿಯ ಚರ್ಚ್ ಬ್ಯಾಂಡಿನವರೆಲ್ಲ ಕಾರೆಲ್ ಮನೆಯ ಅಂಜೂರದ ಮರದ ಕೆಳಗೆ ಕೂತು, ಬೂದಿ ಮತ್ತು ವಿನೆಗರ್ ಹಾಕಿ ತಮ್ಮ ಹಿತ್ತಾಳೆ ವಾದ್ಯಗಳನ್ನು ತಿಕ್ಕುತ್ತಿದ್ದರು. ಚರ್ಚಿನ ಕಸ ಗುಡಿಸಿ ನೆಲ ಒರೆಸುವ ಫಿಲಿಡಾ ಅವರಿಗೆ ಕಾಫಿ ತಂದಿದ್ದಳು. ಟ್ರೊಂಬೋನ್ ಊದುವ ಹೆಂಡ್ರಿಕ್ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಅಕ್ಕಾ, ಸಕ್ಕರೆ ಮರೆತೆಯೋ, ಇಲ್ಲ ನಮ್ಮ ಮೇಲೆ ಸಿಟ್ಟೋ?"

"ಕಳೆದ ಭಾನುವಾರ ನಿಮ್ಮ ಕೊಳವೆಗಳ ನೀರು ಒರೆಸಿ ಒರೆಸಿ ನನ್ನ ಸೊಂಟ ಬಿತ್ತು. ಒಬ್ಬೊಬ್ಬರ ಕುರ್ಚಿ ಕೆಳಗೂ ಒಂದೊಂದು ಕೆರೆ. ಸಕ್ಕರೆ ಕಾರೆಲ್ ಮಾಮನಿಗೆ ಮಾತ್ರ. ಅವರ ಕುರ್ಚಿ ಕೆಳಗೆ ನೆಲ ಒಣಗಿತ್ತು. ನೋಡಿ ಕಲೀರಿ."

ಎಲ್ಲರೂ ನಕ್ಕರು. ಕಾರೆಲ್ ಹೊಸದಾಗಿ ಬಿಟ್ಟಿದ್ದ ದಪ್ಪ ಮೀಸೆಯ ಕೆಳಗೆ ತುಟಿ ಬಿಗಿದುಕೊಂಡೇ ಮುಗುಳ್ನಕ್ಕು, ಪೆಟ್ಟಿಗೆ ತೆರೆಯಲು ಒಳಗೆ ಹೋಗಿದ್ದ.

ಆ ತುತ್ತೂರಿಯನ್ನು ಮೊದಲ ಪಾದ್ರಿಗಳು ಹಡಗಿನಲ್ಲಿ ತಂದಿದ್ದರು. ಈಸ್ಟರ್ ದಿನ ಸೂರ್ಯ ಹುಟ್ಟುವ ಮೊದಲು ಊರೆಲ್ಲ ಸ್ಮಶಾನದ ಬಾಗಿಲಲ್ಲಿ ಮಾತಿಲ್ಲದೆ ನಿಲ್ಲುತ್ತಿತ್ತು. ಆಗ ಅದೊಂದೇ ಸ್ತುತಿಗೀತೆಯ ಮೊದಲ ಸಾಲನ್ನು ಸತ್ತವರಿಗೂ ಬದುಕಿರುವವರಿಗೂ ಕೇಳುವಂತೆ ನುಡಿಯುತ್ತಿತ್ತು. ಆಮೇಲೆ ಉಳಿದ ಹಿತ್ತಾಳೆ, ಆಮೇಲೆ ಜನರ ದನಿ. ಫಿಲಿಡಾ ಮದುವೆಯಾದಾಗಿನಿಂದ ಆ ಸಾಲನ್ನು ಕಾರೆಲ್‌ನ ಉಸಿರಿನಲ್ಲೇ ಕೇಳಿದ್ದಳು.

"ಕಳ್ಳ ಕಿಟಕಿಯಿಂದ ಬಂದಿದ್ದಾನೆ," ಎಂದ ಕಾರೆಲ್, ಬಾಯಿಗೆ ಕೈ ಅಡ್ಡ ಹಿಡಿದು. "ಗುರುವಾರ ಸಂಜೆ ನಾನೇ ಒಳಗಿಟ್ಟಿದ್ದೆ. ನಿನ್ನೆ ಎಲ್ಲರೂ ಚರ್ಚಿನಲ್ಲಿದ್ದೆವಲ್ಲ."

ಗೋಡೆಯ ಮೇಲೆ ಇಷ್ಟೊಂದು ತುತ್ತೂರಿಗಳಿವೆಯಲ್ಲ ಮಾಮ, ಬೇರೆ ಯಾವುದಾದರೂ ಊದಿದರಾಯಿತು ಎಂದು ಹೆಂಡ್ರಿಕ್ ಸಮಾಧಾನ ಹೇಳಿದ. ಕಾರೆಲ್ ಬೇಡವೆಂದು ತಲೆಯಾಡಿಸಿದ. ಅದು ಸಿಗದಿದ್ದರೆ ಇನ್ನು ಬದುಕಿರುವವರೆಗೆ ಬೇರೊಂದನ್ನು ತುಟಿಗೆ ಮುಟ್ಟಿಸುವುದಿಲ್ಲ ಎಂದ.

ಚರ್ಚ್ ಸಭೆಯ ಹಿರಿಯ ಅಡೋನಿಸ್ ಎಲ್ಲರ ಕೋಟುಗಳನ್ನೂ ತಡಕಿಸಿದ. ಫಿಲಿಡಾಳ ಮಗ ಗಿಡಿಯನ್‌ನ ಕೆಲಸದ ಕೋಟಿನ ಜೇಬಿನಲ್ಲಿ ಆ ತುತ್ತೂರಿಯ ತುದಿಗೆ ಸಿಕ್ಕಿಸಿ ತುಟಿಗಿಡುವ ಬೆಳ್ಳಿ ಲೇಪದ ಪುಟ್ಟ ಬಟ್ಟಲು ಸಿಕ್ಕಿತು.

ಗಿಡಿಯನ್ ಬ್ಯಾಂಡಿನ ಎರಡನೆಯ ತುತ್ತೂರಿ. ಇಪ್ಪತ್ತು ದಾಟಿದ, ಮಾತು ಕಡಿಮೆಯ ಹುಡುಗ. ಊದುವುದನ್ನು ಕಾರೆಲ್‌ನ ಮೊಣಕಾಲ ಬಳಿ ಕೂತು ಕಲಿತವನು.

"ಬುಧವಾರ ಬಾಗಿಲು ಹಾಕ್ಕೊಂಡು ಇವರ ಹತ್ರ ಜಗಳ ಆಡಿದ್ದೆಯಲ್ಲ," ಎಂದ ಅಡೋನಿಸ್. "'ಈಸ್ಟರಿಗೆ ನೀವು ಊದಬೇಡಿ ಮಾಮ' ಅಂದಿದ್ದು ಈ ಕಿವಿಗೆ ಬಿದ್ದಿದೆ. ಯಾಕಂದೆ? ಆ ಜಾಗ ನಿನಗೆ ಬೇಕಾಗಿತ್ತಾ?"

ಗಿಡಿಯನ್ ಕಾರೆಲ್ ಕಡೆ ನೋಡಿದ. ಕಾರೆಲ್ ಖಾಲಿ ಪೆಟ್ಟಿಗೆ ನೋಡುತ್ತಿದ್ದ.

"ಹೇಳಕ್ಕಾಗಲ್ಲ," ಎಂದ ಹುಡುಗ.

ಸಂಜೆ ಚರ್ಚಿನಲ್ಲಿ ಊರೆಲ್ಲ ಕೂಡಿ ಉಣ್ಣುವ ಪ್ರೇಮಭೋಜನ ಮುಗಿಯುವುದರೊಳಗೆ ತುತ್ತೂರಿ ಬರದಿದ್ದರೆ ಅವನ ಹೆಸರನ್ನು ಸಭೆಯಿಂದ ಹೊಡೆದುಹಾಕಿ ಪಟ್ಟಣದ ಠಾಣೆಗೆ ಒಪ್ಪಿಸುವುದೆಂದು ಅಡೋನಿಸ್ ತೀರ್ಮಾನ ಹೇಳಿದ. ಬಿಳಿಯರ ಆ ಸರ್ಕಾರದ ಕಾಲದಲ್ಲಿ ಎಂಗೇದಿಯ ಕಂದುಬಣ್ಣದ ಹುಡುಗ ಆ ಠಾಣೆಯ ಮೆಟ್ಟಿಲು ಹತ್ತಿದರೆ ಯಾವ ಬಿಳಿ ರೈತನ ಹೊಲದಲ್ಲಿ, ಯಾವ ಬೇಡಿಯಲ್ಲಿ ಇಳಿಯುತ್ತಾನೋ ತಾಯಿಗೆ ಕೂಡ ತಿಳಿಯುತ್ತಿರಲಿಲ್ಲ. ಅಂಗಳದಲ್ಲಿದ್ದವರು ತಲೆ ಬಗ್ಗಿಸಿ ಮತ್ತೆ ಹಿತ್ತಾಳೆ ತಿಕ್ಕತೊಡಗಿದರು.

ಫಿಲಿಡಾ ಕಾಫಿಯ ಕೆಟಲನ್ನು ಅಲ್ಲೇ ಬಿಟ್ಟು ಅಣ್ಣನ ಮನೆಗೆ ನಡೆದಳು. ಶಾಲೆಯಿಂದ ನಿವೃತ್ತರಾಗಿದ್ದ ಅಪೊಲಿಸ್ ಮೇಷ್ಟ್ರು ಅವಳ ಅಣ್ಣ. ಊರಿನಲ್ಲಿ ಯಾರ ಕುರಿಯ ಕಿವಿಗುರುತು ಬದಲಾಯಿತು, ಗಿರಣಿಯ ನೀರನ್ನು ಯಾರು ತಿರುಗಿಸಿದರು ಎಂಬ ಗಂಟುಗಳನ್ನೆಲ್ಲ ಬಿಡಿಸುತ್ತಿದ್ದವರು ಅವರೇ. ಅಂಥ ಕೆಲಸಕ್ಕೆ ಹೊರಟಾಗಲೆಲ್ಲ ಜೊತೆಗೆ ತಂಗಿ ಇರಬೇಕಿತ್ತು. ತಮ್ಮ ಕಣ್ಣಿಗಿಂತ ಅವಳ ಕಣ್ಣು ಚುರುಕು ಎನ್ನುತ್ತಿದ್ದರು.

"ಅಳು ಆಮೇಲಿರಲಿ," ಎಂದರು ಅವರು, ಟೋಪಿ ಹಾಕಿಕೊಳ್ಳುತ್ತ. "ನೋಡಿದ್ದು ಹೇಳು. ಅಂದುಕೊಂಡಿದ್ದು ಬೇಡ."

ಅವಳು ದಾರಿಯುದ್ದಕ್ಕೂ ಹೇಳಿದಳು. ಕೋಟಿನ ವಿಷಯ ಬಂದಾಗ ಮೇಷ್ಟ್ರು ನಿಂತು, ಅದು ಎಲ್ಲಿ ತೂಗುಹಾಕಿತ್ತು ಎಂದು ಕೇಳಿದರು. ಗುರುವಾರ ಅಭ್ಯಾಸದ ಹೊತ್ತಿಗೆ ಸೆಕೆಯೆಂದು ಅದನ್ನು ಕಾರೆಲ್ ಮನೆಯ ಹಜಾರದಲ್ಲೇ ಬಿಟ್ಟಿದ್ದ, ಶುಕ್ರವಾರ ಚರ್ಚಿಗೆ ಕಪ್ಪು ಕೋಟು ಹಾಕಿದ್ದ, ಕೆಲಸದ ಕೋಟನ್ನು ಇವತ್ತು ಬೆಳಿಗ್ಗೆ ಅಲ್ಲಿಂದಲೇ ತೆಗೆದು ಬೇಲಿಯ ಮೇಲೆ ಹಾಕಿದ್ದ ಎಂದಳು.

ಇಬ್ಬರೂ ಕಾರೆಲ್ ಮನೆಯೊಳಗೆ ಬಂದರು. ಕಾರೆಲ್ ಚರ್ಮದ ಚಪ್ಪಲಿ ಹೊಲಿದು ಬದುಕಿದವನು. ಉಳಿದದ್ದನ್ನೆಲ್ಲ ಹಿತ್ತಾಳೆಗೆ ಸುರಿದಿದ್ದ. ಮುಚ್ಚಿಹೋದ ಗಣಿಗಳ ಬ್ಯಾಂಡಿನಿಂದ, ಪಟ್ಟಣದ ಹರಾಜುಗಳಿಂದ, ಸೈನಿಕರ ವಿಧವೆಯರಿಂದ ತಂದ ಗಿಡ್ಡ ತುತ್ತೂರಿಯಂಥ ಕಾರ್ನೆಟ್‌ಗಳು, ಕೊಂಬುಗಳು, ಮಗುವಿನಂತೆ ಹೊತ್ತು ತಂದ ಟ್ಯೂಬಾ ಎಂಬ ಒಂದು ದೊಡ್ಡ ವಾದ್ಯ ಗೋಡೆಗಳನ್ನು ತುಂಬಿದ್ದವು. ಕಿಟಕಿಯ ಅಡಿಗಟ್ಟೆಯ ಮೇಲೂ ಕಾರ್ನೆಟ್‌ಗಳು ಬಾಯಿ ಕೆಳಗಾಗಿ ಸಾಲಾಗಿ ನಿಂತಿದ್ದವು. ಮೇಷ್ಟ್ರು ಒಂದನ್ನು ಎತ್ತಿದರು. ಅದರ ಕೆಳಗೆ ದುಂಡನೆಯ ಸ್ವಚ್ಛ ಜಾಗ, ಸುತ್ತ ಧೂಳು. ಎಲ್ಲದರ ಕೆಳಗೂ ಹಾಗೇ. ಪಕ್ಕದ ಮೊಳೆಗೆ ಪೂರ್ತಿ ಬೆಳ್ಳಿ ಲೇಪದ ಒಂದು ತುತ್ತೂರಿ ಸುಮ್ಮನೆ ನೇತಾಡುತ್ತಿತ್ತು.

ಅಡೋನಿಸ್‌ನಿಂದ ಬಟ್ಟಲನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ತುಟಿ ತಾಗುವ ಅಂಚು ಕಪ್ಪಿಟ್ಟಿತ್ತು. ಅದನ್ನು ತಂಗಿಗೂ ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಕಾರೆಲ್‌ನನ್ನು ಇದರಲ್ಲೇ ದಿನಾ ಅಭ್ಯಾಸ ಮಾಡ್ತೀಯಾ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದ ಅವನು. ಮೇಷ್ಟ್ರೂ ಅವನೂ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು.

ಮಧ್ಯಾಹ್ನ ಅವರು ಸ್ಮಶಾನಕ್ಕೆ ಹೋದರು. ಕ್ರಿಸ್ತ ಸಮಾಧಿಯಲ್ಲಿ ಮಲಗಿದ ಆ ಶನಿವಾರ ಎಂಗೇದಿಯಲ್ಲಿ ಸಮಾಧಿಗಳಿಗೆ ಸುಣ್ಣ ಹೊಡೆಯುವ ದಿನ. ಅದಕ್ಕೆ ಮೊದಲು ಯಾರೂ ಹೊಡೆಯುವುದಿಲ್ಲ. ತಮ್ಮವರ ಸಮಾಧಿಯನ್ನು ತಮ್ಮವರೇ ಮುಟ್ಟಬೇಕು, ಬೇರೆಯವರು ಅದರ ಮೇಲಿನ ಕಲ್ಲನ್ನೂ ಸರಿಸುವುದಿಲ್ಲ. ಗಂಡಸರ ಸಮಾಧಿಗಳ ಸಾಲು ಬೇರೆ, ಹೆಂಗಸರದು ಬೇರೆ, ಗಂಡ ಹೆಂಡತಿಯನ್ನೂ ಪಕ್ಕಪಕ್ಕ ಹೂಳುವುದಿಲ್ಲ. ಹೆಂಗಸರ ಸಾಲಿನಲ್ಲಿ ಜನ ಮೊಣಕಾಲೂರಿ ಕುಂಚ ಆಡಿಸುತ್ತಿದ್ದರು. ಕಾರೆಲ್‌ನ ಹೆಂಡತಿ ಡೀನಾಳ ಮಣ್ಣಿನ ದಿಬ್ಬ ಮಾತ್ರ ಆಗಲೇ ಬೆಳ್ಳಗೆ ಒಣಗಿತ್ತು. ಸುಣ್ಣ ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ಗುರುವಾರ ಸಂಜೆ ಕಾರೆಲ್ ಮಾಮ ಸುಣ್ಣದ ಬಕೀಟು ಹಿಡ್ಕೊಂಡು ಬರ್ತಿದ್ರು," ಎಂದಳು ಫಿಲಿಡಾ. "ಪಾಪ, ಈ ವರ್ಷ ಅವಳ ನೆನಪು ಜಾಸ್ತಿ ಆಗಿರಬೇಕು ಅಂದುಕೊಂಡೆ."

"ಅಂದುಕೊಂಡೆ," ಎಂದು ಮೇಷ್ಟ್ರು ಮೆಲ್ಲಗೆ ಅವಳ ಮಾತನ್ನೇ ಮರಳಿಸಿದರು. ಟೋಪಿ ತೆಗೆದು ಬಹಳ ಹೊತ್ತು ನಿಂತರು. ಪ್ರಾರ್ಥಿಸುತ್ತಿದ್ದರೋ, ಬೇರೊಂದು ಉತ್ತರ ಹುಡುಕುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ.

ಸಂಜೆ ಚರ್ಚಿನಲ್ಲಿ ಪ್ರೇಮಭೋಜನಕ್ಕೆ ಊರೆಲ್ಲ ಸೇರಿತು. ಹಾಡುಗಳ ನಡುವೆ ಬುಟ್ಟಿಯಲ್ಲಿ ಬನ್ನು, ದೊಡ್ಡ ಕೆಟಲ್‌ಗಳಲ್ಲಿ ಚಹಾ ಬಂತು. ಗಿಡಿಯನ್ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಅವನ ಬೆಂಚಿಗೆ ಯಾರೂ ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿ ಕಾರೆಲ್ ಬನ್ನಿನ ಮೆತ್ತನೆಯ ಭಾಗವನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಳ್ಳುತ್ತಿದ್ದ. ಗಟ್ಟಿ ಅಂಚು ತಟ್ಟೆಯಲ್ಲೇ ಉಳಿದಿತ್ತು.

ಮೇಷ್ಟ್ರು ಪಾದ್ರಿಯ ಅಪ್ಪಣೆ ಕೇಳಿ ಎದ್ದುನಿಂತರು.

ಕಿಟಕಿಯಿಂದ ಯಾರೂ ಬಂದಿಲ್ಲ ಎಂದರು ಮೊದಲು. ಬಂದಿದ್ದರೆ ಆ ಕಾರ್ನೆಟ್‌ಗಳು ಉರುಳಬೇಕಿತ್ತು, ಇಲ್ಲವೇ ಎತ್ತಿ ಇಟ್ಟ ಗುರುತು ಧೂಳಿನಲ್ಲಿ ಉಳಿಯಬೇಕಿತ್ತು. ಮಾರುವ ಕಳ್ಳ ಬೆಳ್ಳಿ ಲೇಪದ್ದನ್ನು ಬಿಡುತ್ತಿರಲಿಲ್ಲ, ಊದುವ ಕಳ್ಳ ಬಟ್ಟಲನ್ನು ಬಿಡುತ್ತಿರಲಿಲ್ಲ. ಬಟ್ಟಲು ಸಿಕ್ಕಿದ ಕೋಟು ಎರಡು ರಾತ್ರಿ ಕಾರೆಲ್ ಮನೆಯ ಗೂಟದ ಮೇಲೇ ಇತ್ತು.

"ದಿನಾ ತುಟಿ ತಾಗಿದ ಬೆಳ್ಳಿ ಹೊಳೀತದೆ. ಇದರ ಅಂಚು ಕಪ್ಪಾಗಿದೆ. ತಿಂಗಳುಗಳಿಂದ ಇದಕ್ಕೆ ತುಟಿ ತಾಗಿಲ್ಲ." ಅವರು ತಂಗಿಯತ್ತ ತಿರುಗಿದರು. "ಫಿಲಿಡಾ, ಕಳೆದ ಭಾನುವಾರ ಬ್ಯಾಂಡಿನವರು ಎದ್ದು ಹೋದ ಮೇಲೆ ನೆಲ ಒರೆಸಿದೆಯಲ್ಲ. ಕಾರೆಲ್ ಕುರ್ಚಿಯ ಕೆಳಗೆ ಏನಿತ್ತು?"

ಆಗ ಅವಳಿಗೆ ಹೊಳೆಯಿತು. ಉಸಿರು ಕೊಳವೆಯೊಳಗೆ ಹೋದರೆ ನೀರಾಗುತ್ತದೆ, ಊದಿದವನು ಅದನ್ನು ಚೆಲ್ಲಲೇಬೇಕು. ಬೆಳಿಗ್ಗೆ ತಾನು ಹೊಗಳಿದ್ದು ಯಾವುದನ್ನು ಎಂದೂ ತಿಳಿಯಿತು.

"ಏನೂ ಇರಲಿಲ್ಲ," ಎಂದಳು.

"ಅವನು ಬೆರಳಾಡಿಸಿದ, ಊದಲಿಲ್ಲ. ನಮ್ಮ ಮಧ್ಯೆ ಕೂತು, ಮೀಸೆಯ ಮರೆಯಲ್ಲಿ ತುಟಿ ತಾಗಿಸದೆ ಊದಿದ ಹಾಗೆ ನಟಿಸ್ತಿದ್ದ. ಬ್ಯಾಂಡಿನೊಳಗೆ ಅದು ನಡೀತದೆ. ಆದರೆ ನಾಳೆ ಬೆಳಿಗ್ಗೆ ಒಬ್ಬನೇ ಊದಬೇಕು. ಅದಕ್ಕೆ ತುತ್ತೂರಿಯೇ ಇರಬಾರದಾಯ್ತು. ಕಾರೆಲ್ ಹಿತ್ತಾಳೆ ಮುರಿಯೋನಲ್ಲ, ಮಾರೋನೂ ಅಲ್ಲ. ಯಾರೂ ಮುಟ್ಟದ ಜಾಗದಲ್ಲಿ ಇಡಬೇಕಿತ್ತು. ಅಗೆದ ಮಣ್ಣು ಕಾಣಬಾರದು ಅಂತ ಡೀನಾಳಿಗೆ ಗುರುವಾರವೇ ಸುಣ್ಣ ಹೊಡೆದ. ಹುಟ್ಟಿದಾಗಿನಿಂದ ಶನಿವಾರ ತಪ್ಪಿಸದವನು. ಮಣ್ಣು ಕುಸಿದು ಸುಣ್ಣ ಬಿರುಕು ಬಿಟ್ಟಿತು." ಮೇಷ್ಟ್ರು ಬಟ್ಟಲನ್ನು ಗೆಳೆಯನ ತಟ್ಟೆಯ ಪಕ್ಕ ಇಟ್ಟರು. "ನನ್ನ ಮಾತು ಸುಳ್ಳಾದರೆ ಇಲ್ಲೇ ಮೊಣಕಾಲೂರಿ ಕ್ಷಮೆ ಕೇಳ್ತೀನಿ. ಇದರಲ್ಲೇ ಒಂದು ಸ್ವರ ಹಿಡಿ, ಕಾರೆಲ್."

ಕಾರೆಲ್ ಬಟ್ಟಲನ್ನು ನೋಡಿದ. ಆಮೇಲೆ ಬಾಯಿಗೆ ಕೈ ಹಾಕಿ ಮೇಲಿನ ಹಲ್ಲಿನ ಸಾಲನ್ನೂ ಕೆಳಗಿನ ಸಾಲನ್ನೂ ತೆಗೆದು ಬನ್ನಿನ ಅಂಚಿನ ಪಕ್ಕದಲ್ಲಿಟ್ಟ. ಮೀಸೆ ಒಳಕ್ಕೆ ಕುಸಿಯಿತು. ಒಬ್ಬ ಹೆಂಗಸು ಮುಖ ತಿರುಗಿಸಿದಳು.

ಕೆಲವು ತಿಂಗಳ ಹಿಂದೆ ಒಸಡು ಕೊಳೆತಾಗ ಪಟ್ಟಣದ ಹಲ್ಲಿನ ಡಾಕ್ಟರ್ ಎಲ್ಲ ಹಲ್ಲು ಕಿತ್ತು ಇವನ್ನು ಕೊಟ್ಟ, ಇವು ಒಂದು ಸ್ವರ ಊದುವ ಒತ್ತಡವನ್ನೂ ತಾಳುವುದಿಲ್ಲ ಎಂದು ಅವನು ಹೇಳಿದ. ಗಿಡಿಯನ್‌ಗೆ ಮಾತ್ರ ಗೊತ್ತಾಗಿತ್ತು. ಬುಧವಾರ ಬಂದು, ಎಲ್ಲರೆದುರು ಅವಮಾನ ಆಗುವುದು ಬೇಡ, ಊದಬೇಡಿ, ನಿಜ ಹೇಳಿಬಿಡಿ ಎಂದು ಬೇಡಿಕೊಂಡಿದ್ದ. ಯಾರಿಗೂ ಹೇಳುವುದಿಲ್ಲ ಎಂದು ಬೈಬಲ್ಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ.

"ಮತ್ತೆ ಅವನ ಕೋಟಿಗೇ ಯಾಕೆ?" ಎಂದಳು ಫಿಲಿಡಾ. ಚರ್ಚಿನಲ್ಲಿ ಅವಳು ಹಾಗೆ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ನಿಮ್ಮ ಕೈಯಲ್ಲೇ ಬೆಳೆದ ಮಗು ಅಲ್ವಾ, ಮಾಮ?"

"ಅವನು ಮಾತು ತಪ್ಪಲ್ಲ ಅಂತ ಗೊತ್ತಿತ್ತಮ್ಮಾ," ಎಂದ ಕಾರೆಲ್, ಹಲ್ಲಿಲ್ಲದ ಬಾಯಲ್ಲಿ. "ಅದಕ್ಕೇ ಅವನನ್ನೇ ಆರಿಸಿದೆ."

ಇಳಿಹೊತ್ತಿನ ಬೆಳಕಿರುವಾಗಲೇ ಡೀನಾಳ ಸಮಾಧಿಯನ್ನು ಕಾರೆಲ್‌ನ ಕೈಯಿಂದಲೇ ತೆಗೆಸಿದರು. ತುತ್ತೂರಿ ಕುರಿಯ ತುಪ್ಪಳದಲ್ಲಿ ಸುತ್ತಿತ್ತು, ಪ್ರತಿ ಕೊಳವೆಗೂ ಕೊಬ್ಬು ಸವರಿತ್ತು. ಹೆಂಡತಿಯ ಪಕ್ಕ ತಾನು ಮಲಗಲಾರದವನು ಅದನ್ನು ಮಲಗಿಸಿದ್ದ. ಅಡೋನಿಸ್ ಗಂಟಲು ಸರಿಮಾಡಿಕೊಂಡು, ಆದದ್ದಾಯಿತು, ನಾಳೆ ಗಿಡಿಯನ್ ಊದಲಿ ಎಂದ. ಬ್ಯಾಂಡಿನವರೆಲ್ಲ ಹೌದು ಹೌದು ಎಂದು ಅವನ ಸುತ್ತ ನೆರೆದರು.

ಗಿಡಿಯನ್ ತುತ್ತೂರಿಯನ್ನು ತೆಗೆದುಕೊಂಡು ಮಣ್ಣು ಒರೆಸಿದ. ಒಂದು ಕ್ಷಣ ಅವನ ತುಟಿ ಬಿಗಿದುಕೊಂಡಿತು. ಆಮೇಲೆ ಅದನ್ನು ಹೆಂಡ್ರಿಕ್‌ನ ಕೈಗಿಟ್ಟ.

"ಕಾರೆಲ್ ಮಾಮನದು ಬಿಡಿ, ಅವರಿಗೆ ಭಯ ಇತ್ತು," ಎಂದ. "ನನ್ನ ಕೋಟು ತಡಕುವಾಗ ನಿಮ್ಮಲ್ಲಿ ಒಬ್ಬರೂ ನಿಲ್ಲಿ ಅನ್ನಲಿಲ್ಲ. ನಿಮ್ಮ ಜೊತೆ ಇನ್ನು ನನ್ನ ಉಸಿರು ಸೇರಲ್ಲ."

ಮಾರನೆಯ ದಿನ ಬೆಳಕು ಹರಿಯುವ ಮುನ್ನ ಊರು ಸ್ಮಶಾನದ ಬಾಗಿಲಲ್ಲಿ ನಿಂತಿತು. ಬ್ಯಾಂಡಿನವರ ಕೈಯಲ್ಲಿ ಹೊಳೆಯುವಂತೆ ತಿಕ್ಕಿದ ಹಿತ್ತಾಳೆಯಿತ್ತು. ಮೊದಲ ಸಾಲು ಬಾರದೆ ಎರಡನೆಯದನ್ನು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಗಿಡಿಯನ್ ಬರಿಗೈಯಲ್ಲಿ ತಾಯಿಯ ಪಕ್ಕ ನಿಂತಿದ್ದ, ಕಾರೆಲ್ ಬಂದಿರಲಿಲ್ಲ. ಕೊನೆಗೆ ಅಡೋನಿಸ್ ಹಾಡು ಶುರುಮಾಡಿದ. ಶ್ರುತಿ ಏರಿಹೋಗಿತ್ತು. ಜನರ ದನಿ ಅದನ್ನು ಮುಟ್ಟಲಾರದೆ ಅಲ್ಲಲ್ಲಿ ಮುರಿಯುತ್ತ, ನಿಲ್ಲುತ್ತ ಹಿಂಬಾಲಿಸಿತು. ಸೂರ್ಯ ಮಾತ್ರ ಎಂದಿನಂತೆ ಹುಟ್ಟಿದ. ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು, ಕರ್ತನು ಎದ್ದಿದ್ದಾನೆ ಎಂಬ ಈಸ್ಟರಿನ ಮಾತನ್ನು ಎಲ್ಲರೊಡನೆ ಹೇಳಿದರು. ಕಾರೆಲ್ ಮನೆಯ ದಾರಿಯತ್ತ ಒಮ್ಮೆ ನೋಡಿದರು, ಹೋಗಲಿಲ್ಲ.

ಚರ್ಚಿನ ಆರಾಧನೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಫಿಲಿಡಾ ರೂಢಿಯಂತೆ ಬಕೀಟು, ಬಟ್ಟೆ ಹಿಡಿದು ಬ್ಯಾಂಡಿನ ಕುರ್ಚಿಗಳ ಬಳಿ ಬಂದಳು. ಮೊಣಕಾಲೂರಿ ಒಂದೊಂದೇ ಕುರ್ಚಿ ಸರಿಸಿದಳು. ಎಲ್ಲದರ ಕೆಳಗೂ ನೆಲ ಒಣಗಿತ್ತು.